ಭಾಷಾಗುಂಡಿಯ ವಾಸ್ತುಶಾಸ್ತ್ರ

ಜಾಲತಾಣದಲ್ಲಿದ್ದು, ಒತ್ತಿದೊಡನೆ ಪುಟದ ಭಾಷೆಯನ್ನು ಬದಲಿಸುವುದೇ ಭಾಷಾಗುಂಡಿ. ಒತ್ತಿದರೂ ಬದಲಿಸದಿದ್ದರೆ ಅದು ಗುಂಡಿಯಾಭಾಸ. ಲಕ್ಷ್ಯಕ್ಷೇತ್ರ: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆ.

ಮೊದಲು ಸ್ಥಾನಭೇದ. ಪರದೆಯ ಮೇಲ್ತುದಿಯನ್ನು ಉತ್ತರವೆಂದು ಹಿಡಿದರೆ ಬಲಮೂಲೆ ಈಶಾನ್ಯವಾಗುತ್ತದೆ. ಈಶಾನ್ಯವಾಸಿಯೇ ಉತ್ತಮ. ಚಿತ್ರದುರ್ಗ ಜಿಲ್ಲಾಡಳಿತದ ತಾಣದಲ್ಲಿ ಗುಂಡಿ ಇರುವುದು ಇಲ್ಲೇ. ಎಡಮಗ್ಗುಲಲ್ಲಿ ಉದ್ದಕ್ಕೆ ನೇತಾಡುತ್ತಿದ್ದ ಭಾಷೆಗಳ ಪಟ್ಟಿಯನ್ನು ಇಂಗ್ಲಿಷ್ ವಿಕಿಪೀಡಿಯ ಕೂಡ 2023ರ ಜನವರಿಯಲ್ಲಿ ಈ ದಿಕ್ಕಿಗೇ ತಂದಿತು. ಮಧ್ಯಮವು ಅಂತರ್ವಾಹಿನಿ: ಮೊಬೈಲಿನಲ್ಲಿ ಮೂರು ಗೆರೆಯ ಮೆನು ಒತ್ತಿ ಒಳಗಿಳಿದರೆ ಮಾತ್ರ ಸಿಗುವಂಥದ್ದು. ಊರಿನಿಂದ ದೂರವಿರುವ ಹೊಸದುರ್ಗ ರೋಡ್ ಎಂಬ ರೈಲು ನಿಲ್ದಾಣಕ್ಕೂ ಹೊಸದುರ್ಗಕ್ಕೂ ಇರುವಷ್ಟೇ ನಂಟು ಇದಕ್ಕೂ ಪುಟಕ್ಕೂ. ಅಧಮವು ಪಾತಾಳವಾಸಿ. ಪುಟದ ಬುಡದಲ್ಲಿ, ಹಕ್ಕುಸ್ವಾಮ್ಯದ ಸಾಲಿನ ಪಕ್ಕದಲ್ಲಿ ಇದರ ವಾಸ.

ಇಲ್ಲಿ ಬುಡವೇ ಸರಿಯೆನ್ನುವ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನ ಅವನ ಪ್ರಮಾಣ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಆ ಬಂಡೆಯಲ್ಲಿ ಪ್ರಾಕೃತದ ಮಾತೆಲ್ಲ ಬ್ರಾಹ್ಮಿಯಲ್ಲಿದೆ. ಆದರೆ ಕೊನೆಗೆ ಲಿಪಿಕಾರ ಚಪಡ ತನ್ನ ವೃತ್ತಿಯ ಹೆಸರೊಂದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಲಿಪಿ ಬದಲಾದದ್ದು ಬುಡದಲ್ಲಲ್ಲವೇ? ನಿಜ. ಆದರೆ ಗಾಂಧಾರದ ಕಡೆಯ ಆ ಲಿಪಿಯನ್ನು ಬ್ರಹ್ಮಗಿರಿಯಲ್ಲಿ ಓದುವವರು ಯಾರಿದ್ದರು? ಚಪಡ ಲಿಪಿ ಬದಲಿಸಿದ್ದು ತನ್ನ ಖುಷಿಗೆ, ಓದುಗನ ಅನುಕೂಲಕ್ಕಲ್ಲ. ಇಂದಿನ ಪಾತಾಳವಾದಿಗಳದೂ ಅದೇ ಕಥೆ. ಪೂರ್ವಪಕ್ಷ ಖಂಡಿತವಾಯಿತು.

ಗುಂಡಿಯೇ ಏಕೆ ಬೇಕು ಎಂದೂ ಕೇಳಬಹುದು. ಹೊಳಲ್ಕೆರೆ ರೈಲು ನಿಲ್ದಾಣದ ಹಲಗೆಗೆ ಗುಂಡಿಯ ಗೊಡವೆಯೇ ಇಲ್ಲ; ಕನ್ನಡ, ಹಿಂದಿ, ಇಂಗ್ಲಿಷ್ ಒಟ್ಟಿಗೇ ಇವೆ. ಇರುವುದು ಊರಿನ ಹೆಸರೊಂದೇ, ಹಾಗಾಗಿ ನಡೆಯುತ್ತದೆ. ಬೆಳೆವಿಮೆಯ ಅರ್ಜಿಗೆ ಈ ಉಪಾಯ ಒಗ್ಗದು.

ಇನ್ನು ರೂಪಭೇದ. ಕನ್ನಡ ಎಂದು ಕನ್ನಡದಲ್ಲೇ ಬರೆದುಕೊಂಡದ್ದು ಸ್ವನಾಮಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡದ್ದು ಪರನಾಮಿ. ಇಂಗ್ಲಿಷ್ ಓದಲು ಬಾರದವನಿಗೇ ತಾನೆ ಈ ಗುಂಡಿ ಬೇಕಾದದ್ದು? ಅವನಿಗೆ ಇಂಗ್ಲಿಷಿನಲ್ಲಿ ದಾರಿ ತೋರಿಸುವ ಜಾಣರಿಗೆ ಏನೆನ್ನೋಣ! ಧ್ವಜಿ ಎಂಬ ಇನ್ನೊಂದು ಜಾತಿಯಿದೆ. ಇಂಗ್ಲಿಷಿಗೆ ಬ್ರಿಟನ್ನಿನ ಬಾವುಟ ಅಂಟಿಸುತ್ತಾರೆ. ಕನ್ನಡಕ್ಕೆ ತ್ರಿವರ್ಣ ಅಂಟಿಸಿದರೆ ತಮಿಳು, ತೆಲುಗು, ಹಿಂದಿಗೂ ಅದನ್ನೇ ಅಂಟಿಸಬೇಕು. ಇದು ಅತಿವ್ಯಾಪ್ತಿ ದೋಷ.

ಸ್ವಭಾವಭೇದವೇ ಮುಖ್ಯ. ಸ್ಥಿರಚಿತ್ತ ಗುಂಡಿ ಓದುತ್ತಿದ್ದ ಪುಟವನ್ನೇ ಕನ್ನಡದಲ್ಲಿ ಕೊಡುತ್ತದೆ. ತವರುಮೋಹಿ ಗುಂಡಿ ಎಲ್ಲಿ ಒತ್ತಿದರೂ ಮುಖಪುಟಕ್ಕೇ ಎಳೆದೊಯ್ಯುತ್ತದೆ: ಹಿರಿಯೂರಿನ ರೈತ ಹೆಸರು, ಸರ್ವೆ ನಂಬರು, ಬ್ಯಾಂಕ್ ಖಾತೆ ತುಂಬಿ, ಕೊನೆಯ ಷರತ್ತು ತಿಳಿಯದೆ ಕನ್ನಡ ಒತ್ತಿದನೋ, ತುಂಬಿದ್ದೆಲ್ಲ ಮಾಯ. ಅರ್ಧಾನುವಾದಿ ಗುಂಡಿ ತಲೆಪಟ್ಟಿಯನ್ನಷ್ಟೇ ಕನ್ನಡ ಮಾಡಿ ಕೆಳಗಿನ ಸುತ್ತೋಲೆಯನ್ನು ಇಂಗ್ಲಿಷಿನಲ್ಲೇ ಬಿಡುತ್ತದೆ. ಗುಂಡಿಯಾಭಾಸವೆಂದರೆ ಇದೇ.

ಆದ್ದರಿಂದ ನಿರ್ಣಯ: ಈಶಾನ್ಯವಾಸಿ, ಸ್ವನಾಮಿ, ಸ್ಥಿರಚಿತ್ತ, ಮೂರೂ ಕೂಡಿದ್ದೇ ಭಾಷಾಗುಂಡಿ. ತಾಣ ಕಟ್ಟುವವರಲ್ಲಿ ಒಂದು ಬಿನ್ನಹ: ಉದ್ಘಾಟನೆಗೆ ಮೊದಲು ಹೊಸದುರ್ಗದ ತೆಂಗಿನ ಬೆಳೆಗಾರರೊಬ್ಬರ ಕೈಗೆ ಮೊಬೈಲು ಕೊಟ್ಟು, ಬಾಯಿಮುಚ್ಚಿಕೊಂಡು ಪಕ್ಕದಲ್ಲಿ ಕೂತು ನೋಡಿ.