ಗೊರ್ ಎಂಬ ಅವ್ಯಯ

ಫ್ರಿಜ್ಜು ಸದ್ದು ಮಾಡತೊಡಗಿದರೆ ಮೆಕ್ಯಾನಿಕ್ಕಿಗೆ ಫೋನು ಮಾಡುವ ಮೊದಲು ಹೈಸ್ಕೂಲಿನ ವ್ಯಾಕರಣ ಪುಸ್ತಕ ತೆಗೆದು ಅನುಕರಣಾವ್ಯಯದ ಪುಟ ನೋಡಬೇಕು ಎಂಬುದು ನನ್ನ ವಾದ. ಹೇಳುವಾಗಲೇ ಸ್ವಲ್ಪ ನಾಚಿಕೆಯಾಗುತ್ತದೆ, ಆದರೂ ಪಟ್ಟು ಬಿಡಲಾರೆ. ಪಟಪಟ, ದಬದಬ, ಚಟಚಟ ಎಂದು ಬರೆದು ಒಂದು ಅಂಕ ಗಿಟ್ಟಿಸಿ ಎಲ್ಲರೂ ಮರೆತ ಆ ಪಾಠ ನಿಜವಾಗಿ ಉಪಯೋಗಕ್ಕೆ ಬರುವುದು ಅಡುಗೆಮನೆಯಲ್ಲಿ. ಅದರಲ್ಲೂ ಚನ್ನರಾಯಪಟ್ಟಣದಂಥ ಊರಿನಲ್ಲಿ. ಹಾಸನದ್ದಲ್ಲ, ದೇವನಹಳ್ಳಿ ತಾಲ್ಲೂಕಿನದು. ಈ ತಿದ್ದುಪಡಿ ಇಲ್ಲಿಯವರಿಗೆ ಜನ್ಮಕ್ಕಂಟಿದ್ದು. ಮೆಕ್ಯಾನಿಕ್ ವಿಜಯಪುರದಿಂದ ಬರುವವನಾದರೆ ಅದು ಬಿಜಾಪುರವಲ್ಲ ಎಂದು ಇನ್ನೊಂದು ತಿದ್ದುಪಡಿ. ಭೂಗೋಳ ಇತ್ಯರ್ಥವಾದ ಮೇಲೆ ಆತ ಕೇಳುವ ಪ್ರಶ್ನೆ ಒಂದೇ: "ಯಾವ ತರ ಸೌಂಡ್ ಬರ್ತೈತೆ ಸಾರ್?"

ಮನುಷ್ಯನ ಘನತೆಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ನಿವೃತ್ತ ಹೆಡ್ ಮಾಸ್ತರರೇ ಆಗಿರಲಿ, ಸೊಸೈಟಿ ಅಧ್ಯಕ್ಷರೇ ಆಗಿರಲಿ, ಫೋನು ಹಿಡಿದು ಫ್ರಿಜ್ಜಾಗಲೇಬೇಕು. ಮೊದಲು ಗಂಟಲು ಸರಿಮಾಡಿಕೊಂಡು "ಒಂಥರಾ ಶಬ್ದ" ಎನ್ನುತ್ತಾರೆ. ಆ ಕಡೆಯಿಂದ "ಒಂಥರಾ ಅಂದ್ರೆ?" ಆಗ ಕಿಟಕಿಯತ್ತ ತಿರುಗಿ, ಮೆಲ್ಲಗೆ, "ಗೊರ್." "ಕೇಳಿಸ್ತಿಲ್ಲ ಸಾರ್." ಸ್ವಲ್ಪ ಜೋರಾಗಿ, "ಗೊರ್ರ್ರ್." ಒಳಗಿನಿಂದ ಹೆಂಡತಿ, "ಗೊರ್ ಅಲ್ಲರೀ, ಗುರ್!" ಮಗಳು ಬಂದು, "ಅಪ್ಪಾ, ಮಧ್ಯೆ ಒಂದು ಟಕ್ ಐತೆ, ಅದನ್ನ ಬಿಟ್ರಿ." ಮೂವರೂ ಸೇರಿ ತಾಳ ಹಾಕಿಕೊಂಡು ಪೂರ್ತಿ ಸಂಚಾರ ಒಪ್ಪಿಸುವ ಹೊತ್ತಿಗೆ ಎದುರುಮನೆಯವರು ಬಾಗಿಲಿಗೆ ಬಂದು ನಿಂತಿರುತ್ತಾರೆ. ಇಷ್ಟೆಲ್ಲ ಆದಮೇಲೆ, ಮೆಕ್ಯಾನಿಕ್ ಕೇಳಲೆಂದು ಫೋನನ್ನು ಫ್ರಿಜ್ಜಿನ ಬೆನ್ನಿಗೆ ಹಿಡಿದರೆ ಅದು ಗಪ್‌ಚಿಪ್. ಫ್ರಿಜ್ಜುಗಳಿಗೂ ಸಭಾಕಂಪನ ಇರುವುದಕ್ಕೆ ಇದೊಂದೇ ಸಾಕ್ಷಿ ಸಾಕು.

ಆದರೆ ಗೊರ್, ಗುರ್‌ಗಳ ವ್ಯತ್ಯಾಸ ತಮಾಷೆಯದಲ್ಲ. "ಗುಂಯ್" ಎಂಬುದು ಕಂಪ್ರೆಸರಿನ ಉಸಿರು. ನಮ್ಮ ಕರೆಂಟು 50 ಹರ್ಟ್ಸಿನದು. ಮೋಟಾರಿನ ಕಬ್ಬಿಣ ಅದರ ಎರಡರಷ್ಟು, ಸೆಕೆಂಡಿಗೆ 100 ಸಲ ಅದುರುತ್ತದೆ. "ಗುಳುಗುಳು" ಎಂದರೆ ಗ್ಯಾಸು ಕುದಿಯುತ್ತಿದೆ. ಈಗಿನ ಮನೆಬಳಕೆಯ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿರುವ ಆರ್-600ಎ, ಅಂದರೆ ಐಸೋಬ್ಯೂಟೇನ್, ಹೊರಗಿನ ಗಾಳಿಯ ಒತ್ತಡದಲ್ಲಿ ಮೈನಸ್ 12 ಡಿಗ್ರಿಯ ಹತ್ತಿರವೇ ಕುದಿಯುವ ಸ್ವಭಾವದ್ದು. ಕುದಿಯುತ್ತಾ ಹಾಲಿನ, ಸೊಪ್ಪಿನ ಶಾಖವನ್ನು ಹೀರಿಕೊಳ್ಳುತ್ತದೆ. ತಣ್ಣಗಿಡಲೆಂದೇ ಕುದಿಯುವ ಪ್ರಾಣಿ ಇದೊಂದೇ. ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಸರಿರಾತ್ರಿ ಕೇಳುವ "ಚುರ್" ಕಳ್ಳ ಒಗ್ಗರಣೆಯಲ್ಲ, ಕರಗಿದ ಮಂಜಿನ ಹನಿ ಹೀಟರಿನ ಮೇಲೆ ಬಿದ್ದದ್ದು. "ಲೊಟಲೊಟ"ಕ್ಕೆ ಕಾಲಿನ ಸ್ಕ್ರೂ ತಿರುಗಿಸಿ ಮಟ್ಟ ಮಾಡಿ, ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆದು, ತಲೆಯ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸಿದರೆ ಬಹುಪಾಲು ವಾಸಿ. "ಕರಕರ" ಎಂದರೆ ಫ್ಯಾನು ಮಂಜಿಗೆ ತಾಗುತ್ತಿದೆಯೆಂಬ ಅನುಮಾನ. ಬಾಗಿಲಿನ ರಬ್ಬರಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ಹಸಿಗಾಳಿ ಅಲ್ಲಿಂದಲೇ ನುಗ್ಗುತ್ತಿದೆ. ನಿಜಕ್ಕೂ ಹೆದರಬೇಕಾದದ್ದು "ಗುಂಯ್... ಟಕ್", ಎರಡು ಮೂರು ನಿಮಿಷ ಮೌನ, ಮತ್ತೆ "ಗುಂಯ್... ಟಕ್". ಸುತ್ತಲ ತೋಟಗಳ ಪಂಪ್‌ಸೆಟ್ಟುಗಳು ಒಟ್ಟಿಗೆ ಎದ್ದು ವೋಲ್ಟೇಜು ಕುಸಿದಾಗ ಕಂಪ್ರೆಸರ್ ಏಳಲು ಹೋಗಿ ಕೂರುತ್ತಿದೆ ಎಂದರ್ಥ. ಪ್ಲಗ್ಗು ಕೀಳಿ, ಐದು ನಿಮಿಷ ಬಿಡಿ, ವೋಲ್ಟೇಜು ನೋಡಿಕೊಂಡು ಹಾಕಿ. ಆಮೇಲೂ ಟಕ್ ಎಂದರೆ ರಿಲೇ ಹೋಗಿರಬಹುದು. ಆಗ ಮೆಕ್ಯಾನಿಕ್ಕಿಗೆ ಬರೀ "ಟಕ್" ಎನ್ನಿ, ಸಾಮಾನು ಸಮೇತ ಬರುತ್ತಾನೆ.

"ತಂದಾಗ ಸದ್ದೇ ಇರಲಿಲ್ಲ" ಎಂಬುದು ಮೊದಲ ಆಕ್ಷೇಪ. ಇತ್ತು. ಹೊಸ ಫ್ರಿಜ್ಜು ನೋಡಲು ಬಂದವರ ಗದ್ದಲದಲ್ಲಿ ಕೇಳಿಸಲಿಲ್ಲ. "ಸದ್ದೆಂದರೆ ಕೆಡುಕೇ ತಾನೆ?" ಎಂಬುದು ಎರಡನೆಯದು, ಇದು ನನ್ನನ್ನು ಕೆರಳಿಸುತ್ತದೆ. ಇದೇ ಹೋಬಳಿಯ 13 ಹಳ್ಳಿಗಳ ರೈತರು ತಮ್ಮ ಜಮೀನಿನ ಸ್ವಾಧೀನ ಬೇಡವೆಂದು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮೀರಿ ಸದ್ದು ಮಾಡಿದರು. ಕೇಳಿಸಿಕೊಳ್ಳಬೇಕಾದವರಿಗೆ ಅದು ಬಹುಕಾಲ ರಿಪೇರಿ ಮಾಡಿ ಅಡಗಿಸಬೇಕಾದ ಕಿರಿಕಿರಿಯಾಗಿಯೇ ಕೇಳಿತು. 2025ರ ಜುಲೈ 15ರಂದು 1,777 ಎಕರೆಯ ಸ್ವಾಧೀನ ಕೈಬಿಟ್ಟೆವೆಂದು ಮುಖ್ಯಮಂತ್ರಿಗಳು ಹೇಳಿದ್ದು ಆ ಸದ್ದಿನಿಂದಲೇ. ಇರಲಿ, ಫ್ರಿಜ್ಜಿಗೆ ಬರೋಣ.

"ಹಾಗಾದರೆ ಸದ್ದಿಲ್ಲದಿದ್ದರೆ?" ಎಂಬುದು ಮೂರನೆಯದು. ಹಳೇ ಮಾದರಿಯ ಫ್ರೀಜರಿನಲ್ಲಿ ಐಸು ಗೆಡ್ಡೆ ಕಟ್ಟಿದಾಗ ಕರಗಲು ಬಿಡುವ ತಾಳ್ಮೆಯಿಲ್ಲದೆ ತರಕಾರಿ ಚಾಕು ಹಿಡಿದು ಕುಕ್ಕುವವರಿದ್ದಾರೆ. ತೆಳು ಅಲ್ಯೂಮಿನಿಯಂ ತಗಡು, ಅದರೊಳಗೇ ಗ್ಯಾಸಿನ ದಾರಿ. "ಬುಸ್" ಎಂದು ಒಂದೇ ಸಲ ಕೇಳುತ್ತದೆ, ಮುಗಿಯಿತು, ಗುಳುಗುಳು ಇನ್ನಿಲ್ಲ. ಆರ್-600ಎ ಹೊತ್ತಿಕೊಳ್ಳುವ ಗ್ಯಾಸು, ಆದ್ದರಿಂದ ಬೆಂಕಿಕಡ್ಡಿ ಗೀರದೆ, ಸ್ವಿಚ್ಚು ಮುಟ್ಟದೆ, ಮೊದಲು ಕಿಟಕಿ ತೆಗೆಯಬೇಕು. ತೆಗೆದರೆ ಮೇಲೊಂದು ವಿಮಾನ ಘೊರ್ರೆಂದು ಇಳಿಯುತ್ತಿರುತ್ತದೆ. ಅದಕ್ಕೆ ಮಾತ್ರ ಈ ಊರಿನಲ್ಲಿ ಯಾರೂ ಮೆಕ್ಯಾನಿಕ್ಕನ್ನು ಕರೆಯುವುದಿಲ್ಲ.