ಕೆರೆ ಸುತ್ತೋಣ, ಮೊದಲು ತಟ್ಟೆ ಇಡ್ಲಿ ತೀರ್ಮಾನವಾಗಲಿ

ಟೊರಾಂಟೊದಲ್ಲಿರೋ ಅಳಿಯಂದಿರಿಗೇನು ಸ್ವಾಮಿ, ಭಾನುವಾರ ದೋಣಿ ಹತ್ತಿದರೆ ಊರೆದುರಿನ ದ್ವೀಪದಲ್ಲಿ ಕಾರಿನ ಕಾಟವಿಲ್ಲದೆ ದಿನವಿಡೀ ನಡೆಯಬಹುದು. ಅಲ್ಲಿನ ಫೋಟೊಗಳು ಫ್ಯಾಮಿಲಿ ಗ್ರೂಪಿಗೆ ಬಂದು ಬಿದ್ದಾಗಿನಿಂದ ತುಮಕೂರಿನ ನಮ್ಮ ನಿವೃತ್ತರ ಬಳಗಕ್ಕೂ ದ್ವೀಪವೇ ಬೇಕಂತೆ! ಸುತ್ತ ನೀರು, ನಡುವೆ ನೆಲ ಸಿಕ್ಕಿದ್ದು ಅವರ ಭಾಗ್ಯ. ನಮಗೆ ಸುತ್ತ ಊರು, ನಡುವೆ ಅಮಾನಿಕೆರೆ. ಅಂಗಿ ಒಳಗಡೆ ಹೊರಗಾಗಿದೆ, ಅಷ್ಟೆ. ಕಾಲಿಗೆ ಅದೇನು ತಿಳಿಯುತ್ತೆ?

ಸರಿ, ಸಭೆ ಸೇರಿತು. ಎಷ್ಟು ಗಂಟೆಗೆ ಹೊರಡೋದು ಅಂತ ಕೇಳುವ ಮೊದಲೇ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ನಡಿಗೆಗೆ ಮುಂಚೆಯೋ ಆಮೇಲೋ ಎಂಬ ಪ್ರಶ್ನೆ ಎದ್ದಿತು. ಮುಂಚೆ ತಿಂದರೆ ನಡೆಯೋಕಾಗಲ್ಲ, ಆಮೇಲೆ ತಿಂದರೆ ನಡೆದದ್ದು ದಂಡ. ಕ್ಯಾತ್ಸಂದ್ರ ಇರೋದೋ ಬೆಂಗಳೂರಿನ ದಿಕ್ಕಿಗೆ. ಬಿ.ಎಚ್. ರಸ್ತೆಯಲ್ಲಿ ಹೋಗಿಬರೋಕೆ ಕಾರು ಗೊತ್ತಾಯಿತು. ನಡೆಯುವುದಕ್ಕೆ ಕಾರು ಮಾಡಿಕೊಂಡ ಕೀರ್ತಿ ನಮ್ಮದಾಯಿತು.

ಗುಬ್ಬಿಯವರನ್ನು ಕರೆಯದಿದ್ದರೆ ಬೇಜಾರು, ಕರೆದರೆ ಖರ್ಚು. 1884ರಲ್ಲೇ ನಾಟಕ ಕಂಪನಿ ಕಟ್ಟಿದ ಊರು ಅದು. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದವರು. ಅಂಥ ಊರಿನವರಿಗೆ ನಾಲ್ಕು ಜನ ಸುಮ್ಮನೆ ಕಾಲಾಡಿಸೋದು ಒಂದು ವಾಕಿಂಗಾ? ಬ್ಯಾನರ್ ಬೇಕು, ಗಾಜಿನ ಮನೆ ಮುಂದೆ ಗ್ರೂಪ್ ಫೋಟೊ ಬೇಕು, ಉದ್ಘಾಟನೆಗೆ ಯಾರಾದರೂ ಗಣ್ಯರು ಬೇಕು.

ಕುಣಿಗಲ್‌ನವರಿಗೆ ಇದ್ಯಾವುದೂ ಬೇಡ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರಲ್ಲವೇ, ಹೊರಟರೆಂದರೆ ಹಿಂದೆ ತಿರುಗಿ ನೋಡಲ್ಲ. ಕೆರೆ ಕಂಡಾಗ ಮಾತ್ರ ಕೊಂಕು ಬಂದೇ ಬರುತ್ತೆ: "ಇದೂ ಒಂದು ಕೆರೆನಾ? ನಮ್ಮೂರ ಕೆರೆ ಮೇಲೆ ಹಾಡೇ ಐತೆ." ಐತೆ, ಯಾರು ಇಲ್ಲ ಅಂದರು? ಹಾಡು ಕಟ್ಟಿದವರಿಗೆ ತುಮಕೂರಿನ ಬಸ್ಸು ತಪ್ಪಿಹೋಗಿತ್ತು ಅಂತ ಇಟ್ಟುಕೊಳ್ಳಿ.

ನಿಜವಾದ ತಲೆನೋವು, ಯಾರ ಪಕ್ಕ ಯಾರು ನಡೆಯಬೇಕು ಅನ್ನೋದು. ಹೇಮಾವತಿ ನೀರನ್ನು ಗುಬ್ಬಿ ತಾಲ್ಲೂಕಿನಿಂದ ನೇರವಾಗಿ ಕುಣಿಗಲ್‌ಗೆ ಒಯ್ಯುವ ಎಕ್ಸ್‌ಪ್ರೆಸ್ ಕೆನಾಲಿನ ಜಗಳ ಎದ್ದ ಮೇಲೆ, ಈ ಎರಡೂರಿನವರನ್ನು ಕೆರೆ ದಂಡೆಯಲ್ಲಿ ಜೋಡಿಯಾಗಿ ಬಿಡುವ ಧೈರ್ಯ ಯಾರಿಗಿದೆ? ನಡುವೆ ಕಡ್ಡಾಯವಾಗಿ ಒಬ್ಬ ತುಮಕೂರಿನವನಿರಬೇಕೆಂದು ಠರಾವಾಗಿದೆ. ಮಾತು ಬಿಸಿಯಾಗುವ ಸೂಚನೆ ಕಂಡಕೂಡಲೇ ಅವನು ಕೈ ತೋರಿಸಿ ಯಾವುದಾದರೂ ಹಕ್ಕಿಯ ಬಗ್ಗೆ ಶುರುಮಾಡಬೇಕು. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ, ಅದು ಎಲ್ಲಿ ಕೂತಿದೆ ಅಂತ ಕೇಳಿದರೆ "ನೀರಲ್ಲಿ" ಅನ್ನಕೂಡದು.