ಶೂ ಅಳತೆ ತೆಗೆದ ಅಧ್ಯಕ್ಷೆಗೆ ಮಾಜಿ ಅಧ್ಯಕ್ಷನ ಬಹಿರಂಗ ಪತ್ರ

ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆ ತಾಯಿಯವರಿಗೆ,

ಅದೇ ಸಮಿತಿಯ ಮಾಜಿ ಅಧ್ಯಕ್ಷನ ನಮಸ್ಕಾರಗಳು. ‘ಮಾಜಿ’ ಎಂದು ಬರೆಯುವಾಗ ಕೈ ಇನ್ನೂ ನಡುಗುತ್ತದೆ. ಬಸ್ ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ನನ್ನ ಫೋಟೋದ ಕೆಳಗೆ ಆ ಎರಡಕ್ಷರ ಸೇರಿಸಿಲ್ಲ. ಫ್ಲೆಕ್ಸ್ ಹರಿಯಲಿ, ಆಮೇಲೆ ನೋಡೋಣ ಅಂತ.

ನೀವು ಬಂದ ಮೇಲೆ ಊರಿನ ನೆಮ್ಮದಿ ಕೆಟ್ಟಿದೆ. ಎದುರಿಗೇ ಹೇಳೋಣವೆಂದರೆ ನೀವು ಯಾವಾಗಲೂ ಶಾಲೆಯಲ್ಲೇ ಇರುತ್ತೀರಿ. ಅಲ್ಲಿಗೆ ಬರುವ ಅಭ್ಯಾಸ ನನಗಿಲ್ಲ. ಅದಕ್ಕೇ ಈ ಪತ್ರ.

ತಪ್ಪು ನಿಮ್ಮೊಬ್ಬರದೇ ಅಲ್ಲ, ಬಿಡಿ. ಇದರ ಮೂಲ ರಾಜಾ ರಾಮಣ್ಣನವರಲ್ಲಿದೆ. 1974ರಲ್ಲಿ ಪೋಖ್ರಾನಿನಲ್ಲಿ ಅಣುಬಾಂಬ್ ಸಿಡಿಸಿದ ತಂಡದ ಮುಂದಾಳು ಅವರೇ. ಅಷ್ಟಕ್ಕೇ ಸುಮ್ಮನಿರದೆ ಶಿಕ್ಷಣ ಕಾರ್ಯಪಡೆಯ ಅಧ್ಯಕ್ಷರಾಗಿ, ಶಾಲೆಯ ಉಸ್ತುವಾರಿಯನ್ನು ಮಕ್ಕಳ ತಂದೆತಾಯಿಗೆ ಕೊಡಿ ಎಂದರು. 2001ರಲ್ಲಿ ಸರ್ಕಾರ ಆದೇಶ ಹೊರಡಿಸಿಯೇಬಿಟ್ಟಿತು. ಹಳ್ಳಿಹಳ್ಳಿಯ ಶಾಲೆಯಲ್ಲಿ ಹೀಗೆ ಹೂತಿಟ್ಟ ಬಾಂಬನ್ನು ಸಿಡಿಯದಂತೆ ಕಾಪಾಡಿಕೊಂಡು ಬಂದವರು ನನ್ನಂಥವರು. ನೀವು ಬಂದು ಬತ್ತಿಗೆ ಬೆಂಕಿ ಇಟ್ಟಿರಿ.

ಮೊದಲನೆಯ ತಕರಾರು, ಸಭೆಗೆ ನೀವೇ ಬರುವುದು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ನಾವೂ ಚಾಚೂ ತಪ್ಪದೆ ಪಾಲಿಸಿದ್ದೆವು. ಹೆಂಗಸರ ಹೆಸರು ಪುಸ್ತಕದಲ್ಲಿ, ಗಂಡಂದಿರು ಕುರ್ಚಿಯಲ್ಲಿ. ನಡಾವಳಿ ಪುಸ್ತಕ ಮನೆಮನೆಗೆ ಹೋಗಿ ಸಹಿ ತರುತ್ತಿತ್ತು. ಸಮಿತಿಗಿಂತ ಪುಸ್ತಕದ ಕಾಲೇ ಹೆಚ್ಚು ಸವೆದಿದೆ. ನೀವೋ, ಮೊದಲ ಸಭೆಯಲ್ಲೇ ಹಳೆಯ ನಡಾವಳಿಯನ್ನು ಗಟ್ಟಿಯಾಗಿ ಓದಿಸಿದಿರಿ. ತಾವು ಏನೇನಕ್ಕೆಲ್ಲ ಸರ್ವಾನುಮತದಿಂದ ಒಪ್ಪಿದ್ದೇವೆಂದು ಆ ಹೆಂಗಸರಿಗೆ ಅವತ್ತೇ ಗೊತ್ತಾದದ್ದಂತೆ.

ಅಧ್ಯಕ್ಷರ ಮಗು ಅದೇ ಶಾಲೆಯಲ್ಲಿ ಓದಬೇಕೆಂಬುದು ನಿಯಮ. ನನ್ನ ಮಗ ಹಳದಿ ವ್ಯಾನಿನಲ್ಲಿ ಪೇಟೆಯ ಕಾನ್ವೆಂಟಿಗೆ ಹೋಗುತ್ತಿದ್ದ, ತಮ್ಮನ ಮಗನಿಗೆ ನಾನು ಪೋಷಕನಾಗಿದ್ದೆ. ಆ ಹುಡುಗ ಏಳು ಮುಗಿಸಿ ಟಿಸಿ ತೆಗೆದುಕೊಂಡ ದಿನ ನನಗೂ ಟಿಸಿ ಸಿಕ್ಕಿತು. ನೀವು ಹೆತ್ತ ಮಗಳನ್ನೇ ಸರ್ಕಾರಿ ಶಾಲೆಗೆ ಕಳಿಸುತ್ತೀರಿ. ಇಷ್ಟು ಅತಿರೇಕ ಕಾಯ್ದೆಯೂ ಬಯಸಿರಲಿಕ್ಕಿಲ್ಲ.

ಶೂ ವಿಷಯಕ್ಕೆ ಬರುತ್ತೇನೆ. ಹೊಟ್ಟೆ ಉರಿಯುವುದು ಇಲ್ಲೇ. ಸರ್ಕಾರ ವರ್ಷಕ್ಕೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್‌ಗೆ ದುಡ್ಡು ಕೊಟ್ಟು, ಕೊಳ್ಳುವ ಕೆಲಸವನ್ನು ಸಮಿತಿಗೇ ಬಿಟ್ಟಿದೆ. ನನ್ನ ಕಾಲದಲ್ಲಿ ಪೇಟೆಯಿಂದ ಮೂಟೆ ಬರುತ್ತಿತ್ತು. ಚಿಕ್ಕದು, ದೊಡ್ಡದು ಎಂದು ಎರಡೇ ಸೈಜು. ದೊಡ್ಡದಾದರೆ ಬಟ್ಟೆ ತುರುಕಿಕೊ, ಚಿಕ್ಕದಾದರೆ ತಂಗಿಗೆ ಕೊಡು. ದೀಪಾವಳಿ ಹೊತ್ತಿಗೆ ಅಟ್ಟೆ ಬಾಯಿ ಬಿಟ್ಟರೆ ಬರಿಗಾಲು ಆರೋಗ್ಯಕ್ಕೆ ಒಳ್ಳೆಯದು. ನೀವು ಏನು ಮಾಡಿದಿರಿ? ಜೂನ್ ತಿಂಗಳಲ್ಲಿ ಒಂದೊಂದೇ ಮಗುವನ್ನು ಹಳೇ ಪೇಪರಿನ ಮೇಲೆ ನಿಲ್ಲಿಸಿ, ಪೆನ್ಸಿಲ್ಲಿನಿಂದ ಪಾದದ ಗೆರೆ ಎಳೆದು, ಹೆಸರು ಬರೆದು, ಅರವತ್ತು ಕಾಗದದ ಪಾದಗಳನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಹೋದಿರಿ. ಅಂಗಡಿಯವನ ಮುಂದೆ ಶೂ ಬಗ್ಗಿಸಿ ನೋಡಿದಿರಂತೆ. ಇಷ್ಟು ವರ್ಷದಲ್ಲಿ ಯಾವ ಅಧ್ಯಕ್ಷನೂ ಹೀಗೆ ಬಗ್ಗಿಸಿರಲಿಲ್ಲವೆಂದು ಅವನು ನನಗೆ ಫೋನ್ ಮಾಡಿ ಅತ್ತ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ತಾಯಿ.

ಅಡುಗೆ ಮನೆಗೂ ತಕ್ಕಡಿ ತಂದಿರಿ. ಒಂದರಿಂದ ಐದರ ಮಕ್ಕಳಿಗೆ ತಲಾ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, ಆರು ಏಳರವರಿಗೆ 30 ಮತ್ತು 75. ನಲವತ್ತು ಚಿಕ್ಕವರು, ಇಪ್ಪತ್ತು ದೊಡ್ಡವರು ಸೇರಿ ದಿನಕ್ಕೆ ಬೇಳೆ 1.4 ಕೆಜಿ, ತರಕಾರಿ 3.5 ಕೆಜಿ. ಈ ಲೆಕ್ಕವನ್ನು ಏಳನೇ ಕ್ಲಾಸಿನ ಹುಡುಗಿಯರಿಂದ ಮಾಡಿಸಿ ಗೋಡೆಗೆ ಅಂಟಿಸಿದ್ದೀರಿ. ಈಗ ಹುಳಿಯಲ್ಲಿ ಬೇಳೆ ಕಾಣುತ್ತದೆ. ಮೊದಲು ತಟ್ಟೆಯ ತಳ ಕಾಣುತ್ತಿತ್ತು, ಮಕ್ಕಳು ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಿದ್ದವು. ಆ ಅನುಕೂಲ ಹೋಯಿತು.

ಖಾಲಿ ಚೆಕ್ಕಿಗೆ ಸಹಿ ಹಾಕಲು ಒಪ್ಪದ ಸಂಗತಿಯನ್ನು ಇಲ್ಲಿ ಬೆಳೆಸುವುದಿಲ್ಲ. ಹೆಡ್‌ಮಾಸ್ಟರರ ಮನಸ್ಸು ನೋಯುತ್ತದೆ.

ಒಂದು ಕಡೆ ಮಾತ್ರ ನೀವು ಸೋತಿರಿ. ಹೇಳದಿದ್ದರೆ ನನಗೆ ನಿದ್ದೆ ಬಾರದು. ಐದು ತರಗತಿಗೆ ಇಬ್ಬರೇ ಮೇಷ್ಟ್ರು ಏಕೆಂದು ಕೇಳಲು ಬಿಇಒ ಕಚೇರಿಗೆ ಚಪ್ಪಲಿ ಸವೆಸಿದಿರಿ. ಅವರು ನೀವು ಹಿಡಿದುಕೊಂಡು ಹೋದ ಕಾಯ್ದೆಯನ್ನೇ ತಿರುಗಿಸಿ ತೋರಿಸಿದರು. ಒಂದರಿಂದ ಐದರವರೆಗೆ ಅರವತ್ತು ಮಕ್ಕಳ ತನಕ ಇಬ್ಬರು ಸಾಕು. ಅದು ತಲೆ ಎಣಿಸುತ್ತದೆ, ತರಗತಿ ಎಣಿಸುವುದಿಲ್ಲ. ಆ ಇಬ್ಬರನ್ನಾದರೂ ಬೇರೆ ಕೆಲಸಕ್ಕೆ ಕಳಿಸಬೇಡಿ ಎಂದು 27ನೇ ಸೆಕ್ಷನ್ ತೆಗೆದಿರಿ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟರೆ ಕಳಿಸುವಂತಿಲ್ಲ, ಸರಿಯೇ. ಆದರೆ ನಮ್ಮ ದೇಶದಲ್ಲಿ ಈ ಮೂರರಲ್ಲಿ ಯಾವುದಾದರೊಂದು ನಡೆಯುತ್ತಲೇ ಇರುತ್ತದಲ್ಲ!

ನಾನು ಕಾಯುತ್ತಿದ್ದೇನೆ. ನಿಮ್ಮ ಮಗಳು ಈಗ ಆರರಲ್ಲಿದ್ದಾಳೆ. ಅವಳ ಟಿಸಿ ಕೈಗೆ ಬಂದ ದಿನ ಕುರ್ಚಿ ಖಾಲಿ. ಅದಕ್ಕೆಂದೇ ತಮ್ಮನ ಕಿರಿಯ ಮಗನನ್ನು ಹೋದ ವರ್ಷ ಒಂದನೇ ಕ್ಲಾಸಿಗೆ ಸೇರಿಸಿದೆ. ಹೆಸರಿಗಷ್ಟೇ ಸೇರಿಸಿದ್ದು. ಆದರೆ ಹೊಸ ಶೂ ಕಾಲಿಗೆ ಸರಿಯಾಗಿ ಕೂತದ್ದೇ ತಡ, ಅವನು ದಿನಾ ಹೋಗತೊಡಗಿದ. ನಲಿಕಲಿ ಕಾರ್ಡು ಹಿಡಿದು ಅಕ್ಷರ ಕೂಡಿಸಲು ಕಲಿತ. ಈಗ ಅಂಗಡಿ ಬೋರ್ಡು, ಬೀಡಿ ಕಟ್ಟು, ಬಸ್ಸಿನ ಹಲಗೆ, ಯಾವುದನ್ನೂ ಬಿಡುವುದಿಲ್ಲ.

ಮೊನ್ನೆ ಮಳೆ ಬಂದ ರಾತ್ರಿ ಊಟಕ್ಕೆ ಕೂತಿದ್ದೆ. ಪಕ್ಕದಲ್ಲೇ ಕೂತಿದ್ದವನು ಕೇಳಿದ.

“ದೊಡ್ಡಪ್ಪಾ, ಸೋರೋ ರೂಮಿನ ಕಲ್ಲಿನ ಮೇಲೆ ನಿನ್ನ ಹೆಸರೈತೆ. ಅದನ್ನ ಕಟ್ಟಿಸಿದ್ದು ನೀನೇನಾ?”

ತುತ್ತು ಗಂಟಲಲ್ಲೇ ನಿಂತಿತು. ನೀವೇ ನೆನಪಾದಿರಿ.

ಇತಿ,
(ಮಾಜಿ) ಅಧ್ಯಕ್ಷ